ಹೆಬ್ಬೆರಳು ಚೀಪುವ ಮಗುವಿನ ಹಲ್ಲು: ಎಲ್ಲಿಯವರೆಗೆ ಕಾಯಬೇಕು, ಬಿಡಿಸುವುದು ಹೇಗೆ

ಬೆರಳು ಚೀಪಿದರೆ ಹಲ್ಲು ಉಬ್ಬುತ್ತದೆ ಎಂಬ ಮಾತು ನಿಜವೇ. ಆದರೆ ಎಷ್ಟು ವಯಸ್ಸಿನವರೆಗೆ, ದಿನಕ್ಕೆ ಎಷ್ಟು ಹೊತ್ತು ಎಂಬುದನ್ನು ಬಿಟ್ಟು ಹೇಳಿದರೆ ಹೆತ್ತವರಿಗೆ ಗಾಬರಿಯಷ್ಟೇ ಉಳಿಯುತ್ತದೆ. ತಾಯಿಯ ಹೊಟ್ಟೆಯೊಳಗೇ ಶುರುವಾಗುವ ಅಭ್ಯಾಸವಿದು. ಹೆಚ್ಚಿನ ಮಕ್ಕಳು 2ರಿಂದ 4 ವರ್ಷದೊಳಗೆ ತಾವಾಗಿ ಬಿಡುತ್ತಾರೆ. ಹಾಗಾಗಿ 3 ವರ್ಷದೊಳಗಿನ ಮಗುವಿನ ಬಾಯಿಂದ ಬೆರಳು ಎಳೆಯುತ್ತ ಕೂರಬೇಡಿ. 4 ದಾಟಿದರೂ ನಿಲ್ಲದಿದ್ದರೆ ಬಿಡಿಸಲು ತೊಡಗಿ. 6–7ನೇ ವಯಸ್ಸಿಗೆ ಮುಂದಿನ ಶಾಶ್ವತ ಹಲ್ಲುಗಳು ಮೂಡತೊಡಗುತ್ತವೆ, ಅಷ್ಟರೊಳಗೆ ಅಭ್ಯಾಸ ತಪ್ಪಿರಬೇಕು.

ಬಾಯೊಳಗೆ ಆಗುವುದೇನು? ಅಂಗುಳಿಗೆ ಒತ್ತಿಕೊಂಡ ಬೆರಳು ಮೇಲಿನ ಮುಂಹಲ್ಲುಗಳನ್ನು ಹೊರಕ್ಕೂ ಕೆಳಗಿನವನ್ನು ಒಳಕ್ಕೂ ತಳ್ಳುತ್ತದೆ. ಬೆರಳು ಅಡ್ಡವಿರುವುದರಿಂದ ಮುಂಹಲ್ಲು ಪೂರ್ತಿ ಇಳಿಯಲಾರದು. ದವಡೆ ಸದಾ ತುಸು ತೆರೆದೇ ಇರುವುದರಿಂದ ಹಿಂದಿನ ಹಲ್ಲುಗಳು ಬೇಕಾದ್ದಕ್ಕಿಂತ ಹೆಚ್ಚು ಹೊರಬರುತ್ತವೆ. ಹೀಗೆ ಬಾಯಿ ಮುಚ್ಚಿದರೂ ಮುಂದೆ ಸಂದು ಉಳಿಯುತ್ತದೆ, ಇದೇ ಓಪನ್ ಬೈಟ್. ಇನ್ನೊಂದು ಹಾನಿ ಕಣ್ಣಿಗೆ ಬೇಗ ಬೀಳದು. ನಾಲಿಗೆ ಅಂಗುಳಿಗೆ ತಾಗಿದ್ದರೆ ಕೆನ್ನೆಯ ಒತ್ತಡವನ್ನು ಒಳಗಿನಿಂದ ತಡೆಯುತ್ತದೆ. ಬೆರಳು ಆ ನಾಲಿಗೆಯನ್ನು ಕೆಳಗೆ ತಳ್ಳಿದಾಗ ಕೆನ್ನೆಯ ಸ್ನಾಯುಗಳೇ ಗೆಲ್ಲುತ್ತವೆ. ಮೇಲ್ದವಡೆಯ ಕಮಾನು ಕಿರಿದಾಗಿ ಮುಂದೆ ಚೂಪಾಗುತ್ತದೆ, ಹಿಂದಿನ ಮೇಲು ಹಲ್ಲುಗಳು ಕೆಳಗಿನವಕ್ಕಿಂತ ಒಳಗೆ ಕೂರುತ್ತವೆ. ಇದು ಕ್ರಾಸ್‌ಬೈಟ್.

ಇಲ್ಲಿ ಒತ್ತಡದ ಬಿರುಸಿಗಿಂತ ಹೊತ್ತು ಮುಖ್ಯ. ಹಗುರವಾದ ಒತ್ತಡವೂ ದಿನಕ್ಕೆ ಸುಮಾರು 6 ಗಂಟೆ ಇದ್ದರೆ ಹಲ್ಲು ಜರುಗುತ್ತದೆ. ಹಗಲಲ್ಲಿ ಹತ್ತು ನಿಮಿಷ ಚಪ್ಪರಿಸಿ ಚೀಪುವ ಮಗುವಿಗಿಂತ, ರಾತ್ರಿಯಿಡೀ ಬೆರಳಿಟ್ಟುಕೊಂಡು ಸದ್ದಿಲ್ಲದೆ ಮಲಗುವ ಮಗುವಿನ ಹಲ್ಲಿಗೆ ಅಪಾಯ ಹೆಚ್ಚು.

ಮನೆಯಲ್ಲೇ ನೋಡಿ. ಮಗುವನ್ನು ಬೆಳಕಿಗೆ ಕೂರಿಸಿ, ಹಿಂದಿನ ಹಲ್ಲುಗಳನ್ನು ಕಚ್ಚಿ ಹಿಡಿಯಲು ಹೇಳಿ, ತುಟಿಗಳನ್ನು ಬಿಡಿಸಿ. ಮುಂದೆ ನಾಲಿಗೆಯ ತುದಿ ಕಾಣುವಷ್ಟು ಸಂದಿದೆಯೇ? ಪಕ್ಕದಿಂದ ನೋಡಿದರೆ ಮೇಲಿನ ಹಲ್ಲು ಎಷ್ಟು ಮುಂದಿದೆ? 2–3 ಮಿಲಿಮೀಟರ್ ಸಹಜ. ಬಾಯಿ ಮುಚ್ಚುವಾಗ ಗದ್ದ ಒಂದು ಬದಿಗೆ ಜಾರುತ್ತದೆಯೇ? ಬೆರಳನ್ನೂ ನೋಡಿ: ಒಂದು ಹೆಬ್ಬೆರಳು ಮಾತ್ರ ಉಳಿದವಕ್ಕಿಂತ ಸ್ವಚ್ಛವಾಗಿ, ಸುಕ್ಕುಗಟ್ಟಿ, ಗೆಣ್ಣಿನ ಮೇಲೆ ಚರ್ಮ ದಡ್ಡುಗಟ್ಟಿದ್ದರೆ ಅಭ್ಯಾಸ ಇನ್ನೂ ಬಲವಾಗಿದೆ, ಮಗು ಇಲ್ಲವೆಂದರೂ ಸರಿ.

ಬಿಡಿಸುವ ಮೊದಲು ಒಂದು ವಾರ ಬರೆದಿಡಿ: ಯಾವ ಹೊತ್ತು, ಏನು ಮಾಡುವಾಗ, ಎಷ್ಟು ಹೊತ್ತು. ಟಿವಿ ಮುಂದೆ ಚೀಪುವ ಮಗುವಿಗೆ ಕೈಗೆ ಬೇರೆ ಕೆಲಸ ಕೊಟ್ಟರೆ ಸಾಕಾಗಬಹುದು. ಭಯವಾದಾಗ ಚೀಪುವ ಮಗುವಿಗೆ ಮೊದಲು ಭಯ ಹೋಗಬೇಕು. ನಂತರ ಮಗುವಿನೊಡನೆ ಕೂತು ಮಾತಾಡಿ, ಕನ್ನಡಿಯಲ್ಲಿ ಹಲ್ಲಿನ ಸಂದು ತೋರಿಸಿ. ಮಗು ಒಪ್ಪದೆ ಮಾಡಿದ ಯತ್ನ ಬಾಳುವುದಿಲ್ಲ. ಗೋಡೆಗೆ ಕ್ಯಾಲೆಂಡರ್ ಹಾಕಿ, ಚೀಪದ ದಿನಕ್ಕೆ ಮಗುವೇ ಸ್ಟಿಕ್ಕರ್ ಅಂಟಿಸಲಿ. ಹಗಲಿಗೆ ಬೆರಳಿಗೆ ಸುತ್ತಿದ ಬ್ಯಾಂಡ್‌ಏಡ್ ನೆನಪಿಸಲಷ್ಟೇ, ತಡೆಯಲಲ್ಲ. ರಾತ್ರಿ ಕೈಗೆ ಮೆತ್ತನೆಯ ಹತ್ತಿ ಕಾಲುಚೀಲ ಹಾಕಿ. ಕಿತ್ತೆಸೆದರೆ ಮೊಣಕೈಗೆ ಎಲಾಸ್ಟಿಕ್ ಬ್ಯಾಂಡೇಜನ್ನು ಸಡಿಲವಾಗಿ ಸುತ್ತಿ: ಕೈ ಮಡಚಲು ತುಸು ತಡೆಯಾದರೆ ಸಾಕು. ನಿಮ್ಮ ಎರಡು ಬೆರಳು ಅದರೊಳಗೆ ಸಲೀಸಾಗಿ ಹೋಗಬೇಕು. ಮಗುವಿನ ಬೆರಳು ತಣ್ಣಗಾದರೆ, ಬಣ್ಣ ಬದಲಾದರೆ ತಕ್ಷಣ ಬಿಚ್ಚಿ. 6–8 ವಾರ ಬಿಡದೆ ನಡೆಸಿ. ಮೊದಲ ವಾರವೇ ನಿಂತಿತೆಂದು ಕೈಬಿಟ್ಟರೆ ಅಭ್ಯಾಸ ಮರಳುತ್ತದೆ.

ಖಾರ ಹಚ್ಚಬೇಡಿ. ನಿದ್ದೆಯಲ್ಲಿ ಅದೇ ಬೆರಳು ಕಣ್ಣುಜ್ಜುತ್ತದೆ. ಹೊಡೆತ, ನಾಲ್ಕು ಜನರೆದುರು ಹಂಗಿಸುವುದು ಮಗುವಿನ ಆತಂಕ ಹೆಚ್ಚಿಸುತ್ತವೆ, ಆತಂಕಕ್ಕೆ ಅದಕ್ಕೆ ಗೊತ್ತಿರುವ ಮದ್ದು ಬೆರಳೇ.

ಇಷ್ಟಾದರೂ ಬಿಡದೆ ಶಾಶ್ವತ ಹಲ್ಲು ಮೂಡುತ್ತಿದ್ದರೆ ಮಕ್ಕಳ ದಂತವೈದ್ಯರಲ್ಲಿಗೆ ಹೋಗಿ. ಹಿಂದಿನ ಹಲ್ಲುಗಳಿಗೆ ಉಂಗುರ ಅಂಟಿಸಿ, ಅಂಗುಳಿನ ಮುಂಭಾಗದಲ್ಲಿ ತಂತಿಯ ತಡೆ ಕೂರಿಸುತ್ತಾರೆ. ಬೆರಳು ಅಂಗುಳಿಗೆ ತಾಗದ ಕಾರಣ ಚೀಪುವ ಸುಖ ಸಿಗುವುದಿಲ್ಲ. ಮೊದಲ ಕೆಲವು ದಿನ ಮಾತು ತೊದಲುತ್ತದೆ, ಊಟ ನಿಧಾನವಾಗುತ್ತದೆ. ತಂತಿಯ ಹಿಂದೆ ಅನ್ನ ಸಿಕ್ಕಿಕೊಳ್ಳುವುದರಿಂದ ಪ್ರತಿ ಊಟದ ನಂತರ ಬಾಯಿ ಮುಕ್ಕಳಿಸಿ, ರಾತ್ರಿ ನೀವೇ ಬ್ರಷ್ ಮಾಡಿಸಿ. ಚೀಪುವುದು ನಿಂತ ಮೇಲೂ ಕೆಲವು ತಿಂಗಳು ಅದು ಬಾಯಲ್ಲೇ ಇರಬೇಕು.

ಹಾಲುಹಲ್ಲಿನ ಕಾಲದಲ್ಲೇ ನಿಂತರೆ ಮುಂದಿನ ಸಂದು ಬಹಳಷ್ಟು ಸಲ ತಾನಾಗಿ ಕಿರಿದಾಗುತ್ತದೆ. ಕ್ರಾಸ್‌ಬೈಟ್ ಹಾಗೆ ಸುಲಭಕ್ಕೆ ಸರಿಯಾಗದು, ಕಮಾನು ಅಗಲಿಸುವ ಸಾಧನ ಬೇಕಾಗಬಹುದು. ಬೆರಳು ಬಿಟ್ಟ ಮೇಲೂ ನುಂಗುವಾಗ ನಾಲಿಗೆ ಆ ಸಂದಿಗೆ ನುಗ್ಗುತ್ತಿದ್ದರೆ, 'ಸ' ಹೇಳುವಾಗ ಹಲ್ಲುಗಳ ನಡುವೆ ನಾಲಿಗೆ ಇಣುಕುತ್ತಿದ್ದರೆ ಅದನ್ನು ವೈದ್ಯರ ಗಮನಕ್ಕೆ ತನ್ನಿ.