ಸುತ್ತುತ್ತಲೇ ಇದ್ದ ಸಮತೋಲನದ ಲೆಕ್ಕ: ನನ್ನ ಅನುಭವ

ಶಿರಸಿ, ಸಿದ್ದಾಪುರ, ಯಲ್ಲಾಪುರದ ನಡುವೆ ಅಡಿಕೆಯ ದರ ಮತ್ತು ಸಾಗಣೆ ಎಲ್ಲಿ ಸಮತೋಲನಕ್ಕೆ ಬರುತ್ತವೆ ಎಂದು ನೋಡಲು ಪೈಥಾನ್‌ನಲ್ಲಿ ಒಂದು ಮಾದರಿ ಬರೆದಿದ್ದೆ. ಸರಳವಾಗಲೆಂದು ಪೂರೈಕೆ, ಬೇಡಿಕೆ ಎರಡನ್ನೂ ಸ್ಥಿರವಾಗಿಟ್ಟಿದ್ದೆ. ಸಾಮಾನ್ಯ ಪ್ರೊಜೆಕ್ಷನ್ ವಿಧಾನದಲ್ಲಿ (ಇದ್ದ ಬಿಂದುವಿನಲ್ಲಿ ಲೆಕ್ಕ ತೋರಿಸುವ ದಿಕ್ಕಿಗೆ ಒಂದು ಹೆಜ್ಜೆ ಇಟ್ಟು, ಮಿತಿ ದಾಟಿದರೆ ಒಳಗೆ ತರುವುದು) ಉತ್ತರ ನೆಲೆಗೊಳ್ಳಲೇ ಇಲ್ಲ. ಹೆಜ್ಜೆ ಕಿರಿದು ಮಾಡಿದರೆ ಸುತ್ತು ನಿಧಾನವಾಯಿತು, ನಿಲ್ಲಲಿಲ್ಲ.

ಕಾರಣ x·y ಎಂಬ ಪುಟ್ಟ ಉದಾಹರಣೆಯಲ್ಲೇ ಸಿಗುತ್ತದೆ. x ಅದನ್ನು ಇಳಿಸಬೇಕು, y ಏರಿಸಬೇಕು, ಸಮತೋಲನ ಸೊನ್ನೆಯಲ್ಲಿದೆ. ಆದರೆ ಪ್ರತಿ ಬಿಂದುವಿನಲ್ಲೂ ಚಲಿಸುವ ದಿಕ್ಕು ಕೇಂದ್ರದ ಕಡೆಗಿರದೆ ಅದಕ್ಕೆ ಲಂಬವಾಗಿರುತ್ತದೆ, ಗಾಣದ ಎತ್ತಿನ ದಾರಿಯಂತೆ. ಹೆಜ್ಜೆಗಾತ್ರ 0.5 ಇದ್ದರೆ ಕೇಂದ್ರದಿಂದ ಇರುವ ದೂರ ಪ್ರತಿ ಸಲ ಸುಮಾರು 1.118 ಪಟ್ಟು ಬೆಳೆಯುತ್ತದೆ.

ಪರಿಹಾರ ಗಣಿತಜ್ಞೆ ಕೊರ್ಪೆಲೆವಿಚ್ 1976ರಲ್ಲಿ ಕೊಟ್ಟ ಎಕ್ಸ್‌ಟ್ರಾಗ್ರೇಡಿಯಂಟ್ ವಿಧಾನ. ಮೊದಲು ಒಂದು ಪರೀಕ್ಷಾ ಹೆಜ್ಜೆ. ಅಲ್ಲಿ ದಿಕ್ಕು ಲೆಕ್ಕ ಹಾಕಿ, ಆ ದಿಕ್ಕಿನಲ್ಲಿ ಹಳೆಯ ಬಿಂದುವಿನಿಂದಲೇ ನಿಜವಾದ ಹೆಜ್ಜೆ. ಅದೇ 0.5ಕ್ಕೆ ಈಗ ದೂರ ಸುಮಾರು 0.901 ಪಟ್ಟಿಗೆ ಕುಗ್ಗುತ್ತದೆ! ಇಷ್ಟು ಸಣ್ಣ ಬದಲಾವಣೆ ಇಷ್ಟು ಕೆಲಸ ಮಾಡುವುದು ನನಗೆ ಇವತ್ತಿಗೂ ಬೆರಗು.

ಷರತ್ತು: ಹೆಜ್ಜೆಗಾತ್ರ 1/L ಗಿಂತ ಕಡಿಮೆ ಇರಬೇಕು. L ಎಂದರೆ ಲಿಪ್‌ಶಿಟ್ಜ್ ಸ್ಥಿರಾಂಕ, ಅಂದರೆ ಬಿಂದು ಸರಿದಷ್ಟಕ್ಕೆ ದಿಕ್ಕು ಹೆಚ್ಚೆಂದರೆ ಎಷ್ಟು ಪಟ್ಟು ಬದಲಾಗಬಹುದು ಎಂಬ ಮಿತಿ. ಅದು ಮೊದಲೇ ತಿಳಿದಿರದಿದ್ದರೆ, ಹಳೆಯ ಬಿಂದು ಮತ್ತು ಪರೀಕ್ಷಾ ಬಿಂದು, ಈ ಎರಡರಲ್ಲಿನ ದಿಕ್ಕಿನ ವ್ಯತ್ಯಾಸದ ಅಳತೆಯನ್ನು ಹೆಜ್ಜೆಗಾತ್ರದಿಂದ ಗುಣಿಸಿ. ಅದು ಬಿಂದುಗಳ ಅಂತರದ 0.9 ಪಟ್ಟು ಮೀರಿದರೆ ಹೆಜ್ಜೆ ಅರ್ಧ ಮಾಡಿ, ಮತ್ತೆ ನೋಡಿ. ನಾನು ಹಾಗೇ ಮಾಡಿದೆ, ದರಗಳು ನಿಂತವು. ದಿಕ್ಕು ಎರಡೆರಡು ಸಲ ಲೆಕ್ಕ ಹಾಕುವುದು ದುಬಾರಿಯಾದರೆ ಪೊಪೊವ್ ಅವರ 1980ರ ರೂಪ ನೋಡಿ. ಅಲ್ಲಿ ಪ್ರತಿ ಸುತ್ತಿಗೆ ಒಂದೇ ಸಲ ಸಾಕು.