ನನ್ನ ಗೋ-ಕಾರ್ಟ್‌ಗೆ ಚಾರ್ಜಿಂಗ್ ಕೂರಿಸಿದ ಅನುಭವ

ಮನೆಯಲ್ಲಿ ಕಟ್ಟಿದ ಗೋ-ಕಾರ್ಟ್‌ಗೆ (ನಾಲ್ಕು ಚಕ್ರದ ಪುಟ್ಟ ಗಾಡಿ) ಲೈಟು ಹಾಕುವುದು ದೊಡ್ಡ ವಿಷಯವಲ್ಲ. ಆ ಲೈಟಿಗೆ ಕರೆಂಟು ಎಲ್ಲಿಂದ ತರುವುದು ಅನ್ನುವುದೇ ತಲೆನೋವು. ನನ್ನ ಕಾರ್ಟ್‌ಗೆ ಹಾಕಿರುವುದು ನೀರಿನ ಪಂಪ್‌ಸೆಟ್‌ನಿಂದ ಬಿಚ್ಚಿದ ಹೋಂಡಾ ಜಿಎಕ್ಸ್160 ಎಂಜಿನ್. 163 ಸಿಸಿ, 3600 ಆರ್‌ಪಿಎಂನಲ್ಲಿ 4.8 ಎಚ್‌ಪಿ. ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತದೆ, ಬ್ಯಾಟರಿಯ ಹಂಗೇ ಇಲ್ಲ. ಎಂಜಿನ್ ಶಾಫ್ಟಿನ ಜೊತೆ ತಿರುಗುವ ಭಾರದ ಚಕ್ರವೇ ಫ್ಲೈವೀಲ್; ಅದರ ಹೊರಗಡೆ ಇರುವ ಮ್ಯಾಗ್ನೆಟ್ಟು, ಪಕ್ಕದಲ್ಲಿರುವ ಇಗ್ನಿಷನ್ ಕಾಯಿಲ್, ಇವೆರಡೇ ಸೇರಿ ಪ್ಲಗ್ಗಿಗೆ ಕಿಡಿ ಕೊಡುತ್ತವೆ. ಅದರಿಂದ ಲೈಟಿಗೆ ಕರೆಂಟು ಕದಿಯಲು ಆಗುವುದಿಲ್ಲ.

ನಮ್ಮದು ತಿಪಟೂರು ಕಡೆಯ ತೆಂಗಿನ ತೋಟ. ಕಾರ್ಟ್ ಓಡುವುದು ತೋಟದೊಳಗೆ ಮಾತ್ರ. ನೋಂದಣಿ ಇಲ್ಲದ ಗಾಡಿಯನ್ನು ರಸ್ತೆಗೆ ಇಳಿಸುವುದು 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ತಪ್ಪು. ಲೈಟು ಹಾಕಿಬಿಟ್ಟರೆ ಅದು ಕಾರಾಗುವುದಿಲ್ಲ. ಆದರೆ ಸಂಜೆ ಆರೂವರೆ ಆದಮೇಲೆ ಬಿದ್ದ ಗರಿ, ಡ್ರಿಪ್ ಪೈಪು ಯಾವುದೂ ಕಾಣುವುದಿಲ್ಲ. ಅಣ್ಣನ ಮಗನಿಗೆ ಓಡಿಸುವ ಹುಚ್ಚು ಹತ್ತುವುದೂ ಸರಿಯಾಗಿ ಅದೇ ಹೊತ್ತಿಗೆ. ಹಾಗಾಗಿ ಲೈಟು ಬೇಕಾಯಿತು.

ಯಾರನ್ನು ಕೇಳಿದರೂ ಮೊದಲು ಬರುತ್ತಿದ್ದ ಸಲಹೆ ಒಂದೇ: "ಗುಜರೀಲಿ ಮಾರುತಿ 800 ಡೈನಮೋ ಸಿಗುತ್ತೆ, ಬೆಲ್ಟ್ ಹಾಕಿ ಕೂರಿಸು." ಕೇಳಲು ಚೆನ್ನಾಗಿದೆ. ಆದರೆ ಪೆನ್ನು ಹಿಡಿದು ಕೂತರೆ ಬೇರೆ ಕಥೆ. ಡೈನಮೋ ಅಂತ ಅವರು ಕರೆಯುವ ಕಾರಿನ ಆಲ್ಟರ್ನೇಟರ್ 30 ಆಂಪಿಯರ್ ಕೊಟ್ಟರೆ 14 ವೋಲ್ಟಿಗೆ 420 ವ್ಯಾಟ್ ಆಯಿತು. ಅದು ತಿನ್ನುವ ಶಕ್ತಿಯಲ್ಲಿ ಅರ್ಧದಷ್ಟು ಬಿಸಿಯಾಗಿಯೇ ಹೋಗುತ್ತದೆ. ಅಂದರೆ ಎಂಜಿನ್‌ನಿಂದ 800 ವ್ಯಾಟ್ ಕಿತ್ತುಕೊಳ್ಳುತ್ತದೆ, ಒಂದು ಎಚ್‌ಪಿಗಿಂತ ಜಾಸ್ತಿ. ಇರುವುದೇ ನಾಲ್ಕೂಮುಕ್ಕಾಲು ಎಚ್‌ಪಿ. ಮೇಲೆ ಅದರ ತೂಕ, ಬ್ರಾಕೆಟ್ಟು, ಬೆಲ್ಟ್ ಟೆನ್ಷನ್ನು. ಎರಡು ಎಲ್‌ಇಡಿ ಲೈಟಿಗೆ ಇಷ್ಟೆಲ್ಲಾ ಯಾಕೆ?

ಹಾಗಾಗಿ ಮೊದಲು ಲೋಡ್ ಲೆಕ್ಕ ಹಾಕಿದೆ. ಮುಂದೆ 9 ವ್ಯಾಟಿನ ಎಲ್‌ಇಡಿ ಎರಡು, ಹಿಂದೆ ಟೇಲ್ ಲೈಟು, ಬ್ರೇಕ್ ಲೈಟು ಸೇರಿ 5 ವ್ಯಾಟ್. ಒಟ್ಟು 23 ವ್ಯಾಟ್, ಎರಡು ಆಂಪಿಯರ್ ಒಳಗೇ ಮುಗಿಯುತ್ತದೆ. ಹಾರ್ನ್ ಆಗೊಮ್ಮೆ ಈಗೊಮ್ಮೆ ಹೊಡೆಯುವಂಥದ್ದು, ಅದನ್ನು ಬ್ಯಾಟರಿ ನೋಡಿಕೊಳ್ಳುತ್ತದೆ. ಹಳೇ ಬೈಕಿನ 35 ವ್ಯಾಟ್ ಹ್ಯಾಲೋಜನ್ ಹಾಕಿದ್ದರೆ ಅದೊಂದೇ ಮೂರು ಆಂಪಿಯರ್ ಹತ್ತಿರ ನುಂಗುತ್ತಿತ್ತು. ಸೆಲ್ಫ್ ಸ್ಟಾರ್ಟ್ ಆಸೆಯನ್ನೂ ಇಲ್ಲೇ ಬಿಟ್ಟೆ. ಸೆಲ್ಫ್ ಮೋಟಾರಿಗೆ ದೊಡ್ಡ ಬ್ಯಾಟರಿ, ದಪ್ಪ ಕೇಬಲ್, ರಿಲೇ ಎಲ್ಲಾ ಬೇಕು. ಹಗ್ಗಕ್ಕೆ ಏನಾಗಿದೆ?

ನಿಜ ಹೇಳಬೇಕೆಂದರೆ, ವಾರಕ್ಕೊಮ್ಮೆ ಒಂದು ಗಂಟೆ ಓಡಿಸುವವರಿಗೆ ಚಾರ್ಜಿಂಗೇ ಬೇಡ. ಯುಪಿಎಸ್‌ನ 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಕಟ್ಟಿಕೊಂಡು, ಮನೆಗೆ ಬಂದು ಚಾರ್ಜರ್‌ಗೆ ಹಾಕಿದರೆ ಆಯಿತು. ನಮ್ಮ ಮನೆಯಲ್ಲಿ ಚಾರ್ಜಿಗೆ ಹಾಕುವುದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಅಷ್ಟೇ.

ನಾನು ಆರಿಸಿಕೊಂಡದ್ದು ಫ್ಲೈವೀಲ್ ಒಳಗೆ ಕೂರುವ ಚಾರ್ಜಿಂಗ್ ಕಾಯಿಲ್, 3 ಆಂಪಿಯರ್‌ನದು. ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಹಗ್ಗ ಎಳೆಯುವ ಎಂಜಿನ್‌ನ ಫ್ಲೈವೀಲ್ ಒಳಗಡೆ ಸಾಮಾನ್ಯವಾಗಿ ಬೋಳಾಗಿರುತ್ತದೆ. ಒಳಸುತ್ತಿಗೆ ಮ್ಯಾಗ್ನೆಟ್ಟುಗಳು ಇಲ್ಲದಿದ್ದರೆ ಎಂಥ ಕಾಯಿಲ್ ಹಾಕಿದರೂ ಒಂದು ವೋಲ್ಟೂ ಹುಟ್ಟುವುದಿಲ್ಲ. ಆದ್ದರಿಂದ ಕಾಯಿಲ್ ಒಂದನ್ನೇ ತರಬೇಡಿ. ಒಳಗೆ ಮ್ಯಾಗ್ನೆಟ್ ಇರುವ ಫ್ಲೈವೀಲ್ ಜೊತೆಗೆ ಸೆಟ್ ಆಗಿಯೇ ತನ್ನಿ. ಕೀ ವೇ, ಅಂದರೆ ಶಾಫ್ಟಿನಲ್ಲಿ ಚಿಕ್ಕ ಕೀಲು ಕೂರುವ ಜಾಗ, ಹಳೆಯದರಂತೆಯೇ ಇದೆಯಾ ಎಂದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಆ ಕೀಲಿನ ಜಾಗ ಬದಲಾದರೆ ಕಿಡಿಯ ಟೈಮಿಂಗೇ ಬದಲಾಗುತ್ತದೆ.

ಹಗ್ಗದ ಕವರ್, ಫ್ಯಾನ್ ಕವರ್ ಬಿಚ್ಚಿದರೆ ಫ್ಲೈವೀಲ್ ಕಾಣುತ್ತದೆ. ನಟ್ಟಿಗೆ 19ರ ಸಾಕೆಟ್. ನಟ್ಟು ಸುಲಭ, ಫ್ಲೈವೀಲ್ ಹಟಮಾರಿ. ಅದು ಶಾಫ್ಟಿನ ಟೇಪರ್ (ತುದಿಗೆ ಹೋದಂತೆ ಸಣ್ಣಗಾಗುವ ಭಾಗ) ಮೇಲೆ ಕಚ್ಚಿಕೊಂಡಿರುತ್ತದೆ. ಸುತ್ತಿಗೆಯಲ್ಲಿ ಬಡಿದು ತೆಗೆಯುವವರಿದ್ದಾರೆ. ಹಾಗೆ ಬಡಿದರೆ ಮ್ಯಾಗ್ನೆಟ್ ಸೀಳಬಹುದು, ಕ್ರ್ಯಾಂಕ್ ಬೇರಿಂಗಿಗೂ ಪೆಟ್ಟು. ಚಕ್ರ ಎಳೆದು ತೆಗೆಯುವ ಪುಲ್ಲರ್ ಬಾಡಿಗೆಗೆ ತಂದು ನಿಧಾನ ಬಿಗಿ ಮಾಡುತ್ತಾ ಹೋದೆ. ಇನ್ನು ಆಗಲ್ಲ ಅನ್ನುವಷ್ಟು ಬಿಗಿಯಾದಾಗ ಟಪ್ ಅಂತ ಶಬ್ದ ಬಂತು, ಫ್ಲೈವೀಲ್ ಸಡಿಲವಾಯಿತು.

ಹೊಸ ಫ್ಲೈವೀಲ್ ಕೂರಿಸುವ ಮೊದಲು ಅದರ ಒಳಗೆ ಬೆರಳಾಡಿಸಿ ನೋಡಿ. ನನ್ನದರಲ್ಲಿ ಮ್ಯಾಗ್ನೆಟ್ಟುಗಳ ಸಂದಿಯಲ್ಲಿ ಕಬ್ಬಿಣದ ಪುಡಿ ಮೀಸೆಯಂತೆ ನಿಂತಿತ್ತು. ಬಟ್ಟೆಯಲ್ಲಿ ಒರೆಸಿದರೆ ಆ ಪುಡಿ ಅಲ್ಲಿಂದಿಲ್ಲಿಗೆ ಸರಿಯುತ್ತದೆ, ಹೋಗುವುದಿಲ್ಲ. ಇನ್ಸುಲೇಷನ್ ಟೇಪನ್ನು ಅಂಟಿನ ಕಡೆ ಹೊರಗೆ ಮಾಡಿ ಬೆರಳಿಗೆ ಸುತ್ತಿಕೊಂಡು ಒತ್ತಿ ಒತ್ತಿ ತೆಗೆದೆ. ಚಾರ್ಜಿಂಗ್ ಕಾಯಿಲ್‌ನ ಕಬ್ಬಿಣದ ತುದಿಗಳಿಗೆ ಮಾರ್ಕರ್ ಪೆನ್ನಿನಲ್ಲಿ ಬಣ್ಣ ಬಳಿದು, ಫ್ಲೈವೀಲ್ ಹಾಕಿ, ನಟ್ಟು ಬಿಗಿ ಮಾಡಿ ಕೈಯಲ್ಲಿ ತಿರುಗಿಸಿ, ಮತ್ತೆ ಬಿಚ್ಚಿ ನೋಡಿದೆ. ಬಣ್ಣ ಎಲ್ಲೂ ಕೆರೆದಿರಲಿಲ್ಲ. ಇಷ್ಟು ಮಾಡಿದ ಮೇಲೆ ಹೋಂಡಾದವರು ಹೇಳುವ 75 ನ್ಯೂಟನ್ ಮೀಟರಿಗೆ ಟಾರ್ಕ್ ರೆಂಚಿನಲ್ಲಿ ನಟ್ಟು ಬಿಗಿ. ಹೊರಗಿನ ಇಗ್ನಿಷನ್ ಕಾಯಿಲ್‌ಗೂ ಫ್ಲೈವೀಲ್‌ಗೂ ನಡುವೆ 0.4 ಮಿಲಿಮೀಟರ್ ಗ್ಯಾಪ್ ಬೇಕು. ಗ್ಯಾಪ್ ಅಳೆಯುವ ಫೀಲರ್ ಗೇಜ್ ಇಲ್ಲದವರು ವಿಸಿಟಿಂಗ್ ಕಾರ್ಡ್ ಇಟ್ಟು ಸರಿ ಮಾಡಿಕೊಳ್ಳುತ್ತಾರೆ.

ಚಾರ್ಜಿಂಗ್ ಕಾಯಿಲ್‌ನಿಂದ ಬರುವುದು ಎಸಿ. ಎಂಜಿನ್ ರೇಸ್ ಮಾಡಿದಷ್ಟೂ ವೋಲ್ಟೇಜ್ ಏರುತ್ತದೆ. ಅದನ್ನು ಡಿಸಿ ಮಾಡಿ, ಬ್ಯಾಟರಿಗೆ ತಡೆಯುವಷ್ಟಕ್ಕೆ ನಿಲ್ಲಿಸುವುದು ಆರ್‌ಆರ್ (ರೆಗ್ಯುಲೇಟರ್-ರೆಕ್ಟಿಫೈಯರ್) ಯುನಿಟ್. ಬೈಕಿನದ್ದೇ ಸಾಕು, ಆದರೆ ಯಾವ ಬೈಕಿನದು ಅನ್ನುವುದು ಕಾಯಿಲ್ ಮೇಲೆ ನಿಂತಿದೆ. ಕಾಯಿಲ್‌ನ ಒಂದು ತುದಿ ಎಂಜಿನ್ ಬಾಡಿಗೆ ಅರ್ತ್ ಆಗಿದೆಯಾ ಎಂದು ಮಲ್ಟಿಮೀಟರಿನಲ್ಲಿ ನೋಡಿ. ನನ್ನದರಲ್ಲಿ ಎರಡೂ ತುದಿ ಬಿಡಿಯಾಗಿದ್ದವು. ಹಾಗಿದ್ದರೆ ಅಂಗಡಿಯಲ್ಲಿ 'ಫುಲ್ ಡಿಸಿ' ಯುನಿಟ್ ಕೇಳಬೇಕು. ಹಳೆಯ 100 ಸಿಸಿ ಬೈಕುಗಳ ಯುನಿಟ್ ಎಷ್ಟೋ ಕಡೆ ಅರ್ಧ ಅಲೆಯನ್ನಷ್ಟೇ ಬ್ಯಾಟರಿಗೆ ಕಳಿಸುತ್ತದೆ, ಇರುವ ಮೂರು ಆಂಪಿಯರೂ ಪೂರ್ತಿ ಕೈಗೆ ಸಿಗುವುದಿಲ್ಲ. ಈ ಯುನಿಟ್ಟು ಬಿಸಿಯಾಗುವ ಸಾಮಾನು. ಗಾಳಿ ಬೀಳುವ ಕಡೆ ಒಂದು ಅಲ್ಯೂಮಿನಿಯಂ ಪಟ್ಟಿಗೆ ಬೋಲ್ಟ್ ಮಾಡಿದ್ದೇನೆ. ಸೈಲೆನ್ಸರಿನಿಂದ ದೂರ.

ಬ್ಯಾಟರಿ ಸ್ಕೂಟರಿನದು, 12 ವೋಲ್ಟ್ 5 ಎಎಚ್. ಒಂಟಿ ಸಿಲಿಂಡರ್ ಎಂಜಿನ್ ಕೊಡುವ ನಡುಕ ಇದೆಯಲ್ಲ, ಅದೇ ಬ್ಯಾಟರಿಗೆ ಶತ್ರು. ತಳಕ್ಕೆ ಹಳೇ ಟ್ರ್ಯಾಕ್ಟರ್ ಟ್ಯೂಬಿನ ತುಂಡು ಹಾಕಿ, ಮೇಲಿಂದ ಪಟ್ಟಿ ಬಿಗಿದಿದ್ದೇನೆ. ವೈರಿನ ತುದಿಗಳಿಗೆ ಬೆಸುಗೆ ಹಾಕಲಿಲ್ಲ. ಬೆಸುಗೆ ಹಾಕಿದ ಜಾಗ ಗಟ್ಟಿಯಾಗುತ್ತದೆ, ನಡುಕಕ್ಕೆ ಅದರ ಪಕ್ಕದಲ್ಲೇ ವೈರು ತುಂಡಾಗುತ್ತದೆ. ಕ್ರಿಂಪ್ ಮಾಡಿದ, ಅಂದರೆ ಇಕ್ಕಳದಲ್ಲಿ ಒತ್ತಿ ಕಚ್ಚಿಸಿದ ಲಗ್ಗುಗಳೇ ಒಳ್ಳೆಯದು. ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ 10 ಆಂಪಿಯರ್ ಫ್ಯೂಸ್.

ವೈರಿಂಗ್ ಮುಗಿಸಿ ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿದೆ. ವಯಸ್ಸಾದವರು, ಲಾರಿ ವೈರಿಂಗ್‌ನಲ್ಲಿ ಕೈ ಪಳಗಿಸಿಕೊಂಡವರು. ಬ್ಯಾಟರಿ ಕಡೆ ನೋಡಲೇ ಇಲ್ಲ. "ಅರ್ತ್ ಎಲ್ಲಿ ಕೊಟ್ಟಿದ್ದೀಯಪ್ಪ?" ಅಂದರು. ತೋರಿಸಿದೆ. ಪೇಂಟ್ ಕೆರೆದಿದ್ದೆ ಅನ್ನುವುದನ್ನು ಉಗುರಿನಲ್ಲಿ ತೀಡಿ ಖಾತ್ರಿ ಮಾಡಿಕೊಂಡರು. "ಇಂಜಿನ್ನಿಂದ ಛಾಸಿಗೆ ಬೇರೆ ವೈರ್ ಎಳಿ. ಇಂಜಿನ್ ಕೆಳಗೆ ರಬ್ಬರ್ ಇಟ್ಟಿದ್ದೀಯ, ಬೋಲ್ಟ್ ನಂಬಬೇಡ." ಬಂದು ಎಳೆದೆ. ಆರ್‌ಆರ್ ಯುನಿಟ್ಟಿನ ಹಸಿರು ವೈರನ್ನೂ ನೇರ ಬ್ಯಾಟರಿ ಮೈನಸ್‌ಗೇ ತಂದೆ.

ಇನ್ನು ಕೀ ಸ್ವಿಚ್. ತುಸು ಗಮನವಿಟ್ಟು ಓದಿ, ದುಡ್ಡು ಕಳೆಯುವ ಜಾಗ ಇದು. ಜಿಎಕ್ಸ್160 ಆಫ್ ಆಗುವುದು ಇಗ್ನಿಷನ್ ಕಾಯಿಲ್‌ನ ಕಪ್ಪು ವೈರು ಬಾಡಿಗೆ ತಾಗಿದಾಗ. ಹೋಂಡಾ ಶೈಲಿಯ ಬೈಕಿನ ಕೀ ಸೆಟ್‌ನಲ್ಲೂ ಒಂದು ಕಪ್ಪು ವೈರಿದೆ. ಆದರೆ ಅದು ಕೀ ಆನ್ ಆದಾಗ 12 ವೋಲ್ಟ್ ಕೊಡುವ ವೈರು. ಕಪ್ಪಿಗೆ ಕಪ್ಪು ಎಂದು ಸೇರಿಸಿದರೆ ಇಗ್ನಿಷನ್ ಕಾಯಿಲ್‌ಗೆ ಬ್ಯಾಟರಿ ಕರೆಂಟು ನುಗ್ಗಿ ಅದು ಸುಡುತ್ತದೆ. ಬಣ್ಣ ನಂಬದೆ ಮಲ್ಟಿಮೀಟರನ್ನು ಬೀಪ್‌ಗೆ ಹಾಕಿ ನೋಡಬೇಕು. ಕೀ ಆಫ್‌ನಲ್ಲಿ ಬೀಪ್ ಬರುವ ಜೋಡಿ ಎಂಜಿನ್ ನಿಲ್ಲಿಸಲು, ಆನ್‌ನಲ್ಲಿ ಬರುವ ಜೋಡಿ ಲೈಟಿಗೆ. ಇದರ ಜೊತೆ ಸ್ಟೀರಿಂಗ್ ಪಕ್ಕ ಒಂದು ಕೆಂಪು ಕಿಲ್ ಸ್ವಿಚ್ ಬೇರೆಯಾಗಿ ಹಾಕಿದ್ದೇನೆ. ಹುಡುಗರು ಓಡಿಸುವ ಗಾಡಿಗೆ ಅದಿಲ್ಲದೆ ಬಿಡಬಾರದು.

ಚಾರ್ಜ್ ಆಗುತ್ತಿದೆಯಾ ಎಂದು ತಿಳಿಯಲು ಬ್ಯಾಟರಿ ಟರ್ಮಿನಲ್ ಮೇಲೆ ಮಲ್ಟಿಮೀಟರ್ ಇಟ್ಟರೆ ಸಾಕು. ಎಂಜಿನ್ ಆಫ್ ಇದ್ದಾಗ 12.6 ಇತ್ತು. ಸ್ಲೋನಲ್ಲಿ ಲೈಟು ಹಾಕಿದರೆ 12.4ಕ್ಕೆ ಇಳಿಯಿತು, ಅಂದರೆ ಆಗ ಖರ್ಚು ಬ್ಯಾಟರಿಯದ್ದೇ. ಅರ್ಧ ಆಕ್ಸಿಲರೇಟರಿಗೆ 13.6, ಪೂರ್ತಿ ಕೊಟ್ಟಾಗ 14.3ಕ್ಕೆ ಹೋಗಿ ಅಲ್ಲೇ ನಿಂತಿತು. ನಿಲ್ಲದೆ 15 ದಾಟಿದರೆ ಆರ್‌ಆರ್ ಯುನಿಟ್ ಸರಿ ಇಲ್ಲ ಅಥವಾ ಅದರ ಅರ್ತ್ ಸಡಿಲ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರು ಬಿಚ್ಚಿ "ನೋಡು, ಬ್ಯಾಟರಿ ಇಲ್ಲದೆಯೂ ಲೈಟು ಉರಿಯುತ್ತೆ" ಎಂದು ತೋರಿಸುವ ಮೆಕ್ಯಾನಿಕ್‌ಗಳಿದ್ದಾರೆ. ಹಾಗೆ ಮಾಡಲು ಬಿಡಬೇಡಿ. ವೋಲ್ಟೇಜ್ ಹಾರಿ ಎಲ್‌ಇಡಿ ಹೋಗುತ್ತದೆ.

ತೋಟದಲ್ಲಿ ಹೆಚ್ಚಿನ ಹೊತ್ತು ಓಡುವುದು ಅರ್ಧ ಆಕ್ಸಿಲರೇಟರಿನಲ್ಲೇ, ಹಾಗಾಗಿ ಖರ್ಚಾದದ್ದು ವಾಪಸ್ ತುಂಬುತ್ತದೆ. ಮಳೆಗಾಲದಲ್ಲಿ ಗಾಡಿ ಮೂಲೆ ಸೇರಿದಾಗ ಬ್ಯಾಟರಿ ಮೈನಸ್ ಬಿಚ್ಚಿಡುತ್ತೇನೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಈಗ ಅಣ್ಣನ ಮಗ "ಚಿಕ್ಕಪ್ಪ, ಮೊಬೈಲ್ ಚಾರ್ಜರ್ ಹಾಕು" ಅಂತ ದುಂಬಾಲು ಬಿದ್ದಿದ್ದಾನೆ. ಲೆಕ್ಕ ಹಾಕಿದರೆ ಉಳಿದಿರುವ ಒಂದು ಆಂಪಿಯರಿನಲ್ಲಿ 10 ವ್ಯಾಟಿನ ಚಾರ್ಜರ್ ನಡೆಯುತ್ತದೆ. ಫಾಸ್ಟ್ ಚಾರ್ಜರ್ ಕೇಳಿದರೆ ಮಾತ್ರ ಆಗಲ್ಲ.