ಮನೆ ಮುಂದೆ ಡಾಂಬರು ಹಾಕಿಸುವುದು ಹೇಗೆ? ಕಪ್ಪು ಬೀಳುವ ಮೊದಲೇ ನೋಡಿ

ಗೇಟಿನಿಂದ ಮನೆವರೆಗೆ ಡಾಂಬರು ಹಾಕಿಸುವವರು ಕೆಲಸ ನೋಡಲು ಬರುವುದು ಯಾವಾಗ? ರೋಲರ್ ಓಡಾಡಿ, ಎಲ್ಲ ನುಣ್ಣಗೆ ಆದ ಮೇಲೆ. ಕಪ್ಪಗೆ, ಸಪಾಟಾಗಿ ಕಾಣುತ್ತದೆ. ಖುಷಿಯಿಂದ ದುಡ್ಡು ಎಣಿಸಿಕೊಡುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಟೈರ್ ಓಡಾಡುವ ಕಡೆ ನೆಲ ಕುಸಿದಿರುತ್ತದೆ, ಅಂಚು ಮುರಿದಿರುತ್ತದೆ, ಗ್ಯಾರೇಜಿನ ಮುಂದೆ ನೀರು ನಿಂತಿರುತ್ತದೆ. ಆಗ ಬೈಸಿಕೊಳ್ಳುವುದು ಡಾಂಬರು. ಕೆಡಿಸಿದ್ದು ಮಾತ್ರ ಅದರ ಕೆಳಗಿನ ಕೆಲಸ.

ಡಾಂಬರಿನ ಬಿಸಿ ಮಿಶ್ರಣದಲ್ಲಿ ತೂಕದ ಲೆಕ್ಕಕ್ಕೆ ನೂರರಲ್ಲಿ 95ರಷ್ಟು ಜಲ್ಲಿ, ಮರಳು, ಕಲ್ಲುಪುಡಿ. ಅಂಟಿಗೆ ಇರುವ ಬಿಟುಮೆನ್ ಸುಮಾರು 5 ಮಾತ್ರ. ಅದು ಕಾಂಕ್ರೀಟಿನಂತೆ ಗಡುಸಾಗಿ ನಿಲ್ಲುವುದಿಲ್ಲ, ಬಾಗುತ್ತದೆ. ಕೆಳಗಿನ ನೆಲ ಇಳಿದರೆ ಮೇಲಿನ ಡಾಂಬರೂ ಅದರ ಜೊತೆ ಇಳಿಯುತ್ತದೆ. ಈ ಒಂದು ವಿಷಯ ತಲೆಯಲ್ಲಿಟ್ಟುಕೊಂಡು ಕಂಟ್ರಾಕ್ಟರನ್ನು ಹುಡುಕಿ.

ಹಂತ 1: ಯಾರನ್ನು ಕರೆಸಬೇಕು

ಕನಿಷ್ಠ ಮೂರು ಜನರನ್ನು ಕರೆಸಿ. ಜಾಗ ನೋಡದೆ ಫೋನಿನಲ್ಲೇ ಚದರಡಿ ರೇಟು ಹೇಳುವವರನ್ನು ಅಲ್ಲಿಗೇ ಬಿಡಿ. ಕೆಲಸ ಗೊತ್ತಿರುವವರು ಬಂದ ಕೂಡಲೇ ಟೇಪು ಹಿಡಿಯುವುದಿಲ್ಲ, ಮೊದಲು ಪ್ರಶ್ನೆ ಕೇಳುತ್ತಾರೆ. ಮಳೆ ನೀರು ಎಲ್ಲಿಗೆ ಹೋಗುತ್ತದೆ? ಕಾರು ಮಾತ್ರವೋ, ನೀರಿನ ಟ್ಯಾಂಕರ್ ಕೂಡ ಬರುತ್ತದೋ? ಕೆಳಗೆ ಪೈಪು, ಕೇಬಲ್ ಏನಾದರೂ ಇದೆಯಾ?

ಹಳೆಯ ಕೆಲಸ ತೋರಿಸಿ ಅಂತ ಕೇಳಿ. ಹೋದ ತಿಂಗಳು ಮುಗಿಸಿದ್ದು ಬೇಡ, ಅದು ಯಾರು ಮಾಡಿದರೂ ಚೆನ್ನಾಗೇ ಇರುತ್ತದೆ. ಮೂರು ನಾಲ್ಕು ವರ್ಷ ಹಳೆಯದನ್ನು ನೋಡಿ. ನೋಡುವಾಗ ನಡುಭಾಗ ಬಿಟ್ಟು ಅಂಚುಗಳನ್ನು ಗಮನಿಸಿ.

ಇನ್ನೊಂದು ಎಚ್ಚರಿಕೆ. “ಪಕ್ಕದ ರಸ್ತೆಯಲ್ಲಿ ಕೆಲಸ ಮಾಡ್ತಿದ್ವಿ ಸರ್, ಸ್ವಲ್ಪ ಮಾಲು ಉಳಿದಿದೆ, ಅರ್ಧ ರೇಟಿಗೆ ಹಾಕಿಕೊಡ್ತೀವಿ” ಅಂತ ಯಾರಾದರೂ ಬಾಗಿಲು ತಟ್ಟಿದರೆ ಗೇಟು ಹಾಕಿಕೊಳ್ಳಿ. ಹಲವು ದೇಶಗಳಲ್ಲಿ ನಡೆಯುವ ಹಳೇ ಆಟ ಇದು. ಉಳಿದ ಮಾಲು ಲಾರಿಯಲ್ಲಿ ತಣ್ಣಗಾಗುತ್ತಿರುತ್ತದೆ. ನೆಲ ಅಗೆಯುವ, ಜಲ್ಲಿ ಹಾಸುವ ಮಾತೇ ಇಲ್ಲ. ಸಂಜೆ ಹೋದವರು ಮತ್ತೆ ಸಿಗುವುದೂ ಇಲ್ಲ.

ಹಂತ 2: ಕೊಟೇಷನ್ ಓದುವುದು

ಕೊಟೇಷನ್ನಿನಲ್ಲಿ ಸುಮ್ನೆ “ಡಾಂಬರು 2 ಇಂಚು” ಅಂತ ಇದ್ದರೆ ಒಪ್ಪಬೇಡಿ. ಹರಡಿದಾಗ 2 ಇಂಚು ಇರುವ ಮಿಶ್ರಣ ರೋಲರ್ ಹೊಡೆದ ಮೇಲೆ ಹೆಚ್ಚುಕಮ್ಮಿ ಒಂದೂವರೆ ಇಂಚಿಗೆ ಇಳಿಯುತ್ತದೆ. “ರೋಲರ್ ಹೊಡೆದ ಮೇಲೆ ಇಷ್ಟು ದಪ್ಪ” ಅಂತಲೇ ಬರೆಸಿ. ಕಾರುಗಳಿಗೆ ಸಾಮಾನ್ಯವಾಗಿ 2ರಿಂದ 3 ಇಂಚು ಹಾಕುತ್ತಾರೆ. ನನ್ನ ಮಾತು ಕೇಳುವುದಾದರೆ 3 ಇಂಚು, ಅದೂ ಎರಡು ಪದರದಲ್ಲಿ: ಕೆಳಗೆ ದಪ್ಪ ಜಲ್ಲಿಯ ಮಿಶ್ರಣ, ಮೇಲೆ ಸಣ್ಣ ಜಲ್ಲಿಯದು. ಒಂದೇ ಪದರ ಸಾಕು ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ, ಮುಂದಿನವರನ್ನು ಕರೆಯುತ್ತೇನೆ.

ದಪ್ಪ ನಿಜವಾಗಿ ಬಿತ್ತೋ ಇಲ್ಲವೋ ಅಂತ ತಿಳಿಯಲು ಸುಲಭದ ಲೆಕ್ಕ ಇದೆ. ಗಟ್ಟಿಯಾದ ಡಾಂಬರು ಒಂದು ಘನ ಮೀಟರಿಗೆ ಸುಮಾರು 2.3ರಿಂದ 2.4 ಟನ್ ತೂಗುತ್ತದೆ. 60 ಚದರ ಮೀಟರ್ ಜಾಗಕ್ಕೆ 5 ಸೆಂಟಿಮೀಟರ್ ದಪ್ಪ ಹಾಕಿದರೆ 3 ಘನ ಮೀಟರ್, ಅಂದರೆ ಹತ್ತಿರ ಹತ್ತಿರ 7 ಟನ್. ಲಾರಿ ಬಂದಾಗ ಪ್ಲಾಂಟಿನ (ಬಿಸಿ ಮಿಶ್ರಣ ತಯಾರಾಗುವ ಜಾಗ) ತೂಕದ ಚೀಟಿ ಕೇಳಿ. ಚೀಟಿಯಲ್ಲಿ 4 ಟನ್ ಇದ್ದು ಜಾಗವೆಲ್ಲ ಮುಚ್ಚಿದ್ದರೆ ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಅಗೆಯುವ ಆಳ, ಜಲ್ಲಿ ಹಾಸಿನ ದಪ್ಪ, ಅಗೆದ ಮಣ್ಣು ಸಾಗಿಸುವವರು ಯಾರು, ರಸ್ತೆಗೆ ಸೇರಿಸಲು ಸ್ಥಳೀಯ ಅನುಮತಿ ಬೇಕಾದರೆ ತರುವವರು ಯಾರು ಅನ್ನುವುದೂ ಕಾಗದದಲ್ಲಿರಲಿ. ಬಾಯಿಮಾತಿನ ಗ್ಯಾರಂಟಿ ಲೆಕ್ಕಕ್ಕಿಲ್ಲ. ದುಡ್ಡು ಮೂರು ಕಂತಿನಲ್ಲಿ ಕೊಡಿ: ಸಣ್ಣ ಅಡ್ವಾನ್ಸ್, ಜಲ್ಲಿ ಹಾಸು ಪಾಸಾದ ಮೇಲೆ ದೊಡ್ಡದು, ನೀರಿನ ಪರೀಕ್ಷೆ (ಹಂತ 5) ಆದ ಮೇಲೆ ಕೊನೆಯದು.

ಹಳೆಯ ಡಾಂಬರಿನ ಮೇಲೇ ಇನ್ನೊಂದು ಪದರ ಎಳೆಯುವ ಆಸೆ ಎಲ್ಲರಿಗೂ ಇರುತ್ತದೆ. ಹಳೆಯದು ಗಟ್ಟಿ ಇದ್ದರೆ ಸರಿ. ಕೆಳಗೆ ಬಿರುಕಿದ್ದರೆ ಅದೇ ಗೆರೆ ಮೇಲಕ್ಕೂ ಬರುತ್ತದೆ. ಅಷ್ಟೇ ಅಲ್ಲ, ದಾರಿ ಎರಡು ಇಂಚು ಎತ್ತರವಾಗಿ ಗ್ಯಾರೇಜಿನ ಹೊಸ್ತಿಲು ತಗ್ಗಾಗುತ್ತದೆ. ಮಳೆ ನೀರು ಎಲ್ಲಿಗೆ ನುಗ್ಗುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

ಹಂತ 3: ನೆಲ ಮತ್ತು ಜಲ್ಲಿ ಹಾಸು

ಆಫೀಸಿಗೆ ರಜೆ ಹಾಕುವುದಿದ್ದರೆ ಡಾಂಬರು ಬೀಳುವ ದಿನಕ್ಕಲ್ಲ, ಈ ದಿನಗಳಿಗೆ ಹಾಕಿ. ಕಣ್ಣಿಗೆ ಮಣ್ಣೆರಚುವುದು ನಡೆಯುವುದೇ ಇಲ್ಲಿ. ಒಮ್ಮೆ ಕಪ್ಪು ಬಿದ್ದರೆ ಕೆಳಗೆ ಏನಿದೆ ಅಂತ ಯಾರಿಗೂ ಕಾಣುವುದಿಲ್ಲ.

ಮೊದಲು ಅಗೆತ. ಮೆತ್ತನೆಯ ಮೇಲ್ಮಣ್ಣು, ಹುಲ್ಲು, ಬೇರು ಎಲ್ಲ ಹೋಗಬೇಕು. ಬೇರು ಕೊಳೆತರೆ ಆ ಜಾಗ ಟೊಳ್ಳಾಗುತ್ತದೆ. 3 ಇಂಚು ಡಾಂಬರು, 6ರಿಂದ 8 ಇಂಚು ಜಲ್ಲಿ ಹಾಸು ಅಂದರೆ 9ರಿಂದ 11 ಇಂಚು ಅಗೆಯಬೇಕಾಯಿತು. ಹೆಚ್ಚಿನವರು ಐದು ಇಂಚಿಗೆ ನಿಲ್ಲಿಸುತ್ತಾರೆ. ಟೇಪು ನಿಮ್ಮ ಕೈಯಲ್ಲೇ ಇರಲಿ. ಕಬ್ಬಿಣದ ಸರಳೊಂದನ್ನು ಅಲ್ಲಲ್ಲಿ ಚುಚ್ಚಿ ನೋಡಿ. ಒಂದೇ ಕಡೆ ಸಲೀಸಾಗಿ ಇಳಿದರೆ ಅಲ್ಲಿ ಹಳೇ ಗುಂಡಿ ಮುಚ್ಚಿರಬಹುದು, ಇನ್ನಷ್ಟು ಅಗೆಸಿ.

ನೆಲ ತೆರೆದಿರುವಾಗಲೇ ಅಡ್ಡಕ್ಕೆ ಒಂದೆರಡು ಖಾಲಿ ಪಿವಿಸಿ ಪೈಪು ಹಾಕಿಸಿಬಿಡಿ. ಮುಂದೆ ಗೇಟಿಗೆ ದೀಪ, ಗಿಡಗಳಿಗೆ ನೀರಿನ ಲೈನು ಬೇಕಾದಾಗ ಡಾಂಬರು ಕತ್ತರಿಸುವ ಕರ್ಮ ತಪ್ಪುತ್ತದೆ.

ಮಣ್ಣು ಜೇಡಿಯಾಗಿದ್ದರೆ ಜಲ್ಲಿಗೂ ಮಣ್ಣಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಗಟ್ಟಿ ಬಟ್ಟೆ) ಹಾಸಬೇಕು. ಇಲ್ಲದಿದ್ದರೆ ನೆಂದ ಜೇಡಿ ಮೇಲಕ್ಕೆ ಬಂದು ಜಲ್ಲಿ ಕೆಳಕ್ಕೆ ಹೋಗುತ್ತದೆ. ಪ್ಲಾಸ್ಟಿಕ್ ಹಾಳೆ ಹಾಕುತ್ತೇವೆ ಅಂದರೆ ಬೇಡ ಅನ್ನಿ, ಅದರಲ್ಲಿ ನೀರು ಇಳಿಯುವುದಿಲ್ಲ.

ಜಲ್ಲಿ ಯಾವುದು ಅನ್ನುವುದೂ ಮುಖ್ಯ. ಒಂದೇ ಅಳತೆಯ ಜಲ್ಲಿ ಎಷ್ಟು ರೋಲರ್ ಹೊಡೆದರೂ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ನಡುವೆ ಸಂದು ಉಳಿಯುತ್ತದೆ. ದೊಡ್ಡ ಜಲ್ಲಿಯಿಂದ ಹಿಡಿದು ಕ್ರಷರ್ ಪುಡಿವರೆಗೆ ಎಲ್ಲ ಅಳತೆಯೂ ಬೆರೆತಿರಬೇಕು. ಒಡೆದ ಇಟ್ಟಿಗೆ, ಗಾರೆ ತುಂಡು ತಂದು ಸುರಿಯುವ ಅಡ್ಡದಾರಿ ಸಿಕ್ಕಾಪಟ್ಟೆ ಕಡೆ ನಡೆಯುತ್ತದೆ. ಇಟ್ಟಿಗೆ ನೀರು ಕುಡಿದು ಪುಡಿಯಾಗುತ್ತದೆ. ಅಂಥ ಲೋಡು ಬಂದರೆ ಇಳಿಸಲು ಬಿಡಬೇಡಿ, ಇಳಿಸಿದ ಮೇಲೆ ವಾಪಸ್ ಹೋಗುವುದಿಲ್ಲ.

ಎಂಟು ಇಂಚನ್ನೂ ಒಂದೇ ಸಲ ಸುರಿದು ಮೇಲೆ ರೋಲರ್ ಓಡಿಸಿದರೆ ಮೇಲಿನ ಭಾಗ ಮಾತ್ರ ಗಟ್ಟಿ. ನಾಲ್ಕು ನಾಲ್ಕು ಇಂಚಿನಂತೆ ಹಾಸಿ, ನೀರು ಚಿಮುಕಿಸಿ, ಕಂಪಿಸುವ ರೋಲರ್ ಹೊಡೆಯಬೇಕು. ನೀರು ಎಷ್ಟು? ಪುಡಿ ಬೆರೆತ ಜಲ್ಲಿಯನ್ನು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಸುಕಿ. ಉಂಡೆ ನಿಲ್ಲಬೇಕು, ಅಂಗೈಯಲ್ಲಿ ನೀರು ಜಿನುಗಬಾರದು. ಕೈಯಲ್ಲಿ ತಳ್ಳುವ ಸಣ್ಣ ಪ್ಲೇಟ್ ಯಂತ್ರ ಮೂಲೆಗೆ ಸರಿ, ಪೂರ್ತಿ ದಾರಿಗೆ ಸಾಲದು. ಜಲ್ಲಿ ಹಾಸು ಎರಡೂ ಕಡೆ ಡಾಂಬರಿಗಿಂತ ಅರ್ಧ ಅಡಿ ಜಾಸ್ತಿ ಅಗಲ ಇರಲಿ. ಅಂಚು ಮುರಿಯುವುದು ಬಹುಪಾಲು ಈ ಅರ್ಧ ಅಡಿ ಉಳಿಸಿದ್ದಕ್ಕೆ.

ಇಳಿಜಾರನ್ನೂ ಇಲ್ಲೇ ತರಬೇಕು. ಡಾಂಬರಿನಲ್ಲಿ ಸರಿಮಾಡುತ್ತೇವೆ ಅಂದರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹಪ್ಪಳ ಆಗುತ್ತದೆ. ಪ್ರತಿ 4 ಅಡಿಗೆ 1 ಇಂಚು, ಅಂದರೆ ನೂರಕ್ಕೆ 2ರಷ್ಟು ಇಳಿಜಾರು, ಮನೆಯಿಂದ ಹೊರಕ್ಕೆ. ದಾರ ಕಟ್ಟಿ, ರಸಮಟ್ಟ ಇಟ್ಟು ನೋಡಿ. ಕಣ್ಣಂದಾಜು ಇಲ್ಲಿ ಕೈಕೊಡುತ್ತದೆ.

ಕೊನೆಗೆ ಒಂದು ಪರೀಕ್ಷೆ. ಲೋಡು ತುಂಬಿದ ಟಿಪ್ಪರನ್ನು ಜಲ್ಲಿ ಹಾಸಿನ ಮೇಲೆ ನಡಿಗೆಯ ವೇಗದಲ್ಲಿ ಓಡಿಸಲು ಹೇಳಿ. ನೀವು ಪಕ್ಕದಲ್ಲಿ, ಸ್ವಲ್ಪ ದೂರದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಹಿಂದಿನ ಚಕ್ರದ ಬುಡವನ್ನೇ ನೋಡಿ. ಗಟ್ಟಿ ಇದ್ದ ಕಡೆ ಟೈರಿನ ಗುರುತು ಮಾತ್ರ ಬೀಳುತ್ತದೆ. ಮೆತ್ತಗಿರುವ ಕಡೆ ಚಕ್ರ ಬಂದಾಗ ನೆಲ ತಗ್ಗಿ, ದಾಟಿದ ಮೇಲೆ ಮೆಲ್ಲಗೆ ಮೇಲಕ್ಕೆ ಬರುತ್ತದೆ. ಆ ಜಾಗಕ್ಕೆ ಸುಣ್ಣದ ಗುರುತು ಹಾಕಿ. ಅಷ್ಟು ಭಾಗ ಅಗೆದು ಮತ್ತೆ ಹಾಸಲೇಬೇಕು. ಇದಾಗದೆ ಎರಡನೇ ಕಂತು ಕೊಡಬೇಡಿ. ಕಂಟ್ರಾಕ್ಟರಿಗೆ ಕೋಪ ಬಂದರೆ ಬರಲಿ.

ಹಂತ 4: ಬಿಸಿ ಮಿಶ್ರಣ ಬರುವ ದಿನ

ಮಳೆ ಇರಬಾರದು, ನೆಲ ಒಣಗಿರಬೇಕು. ಮಿಶ್ರಣ ಪ್ಲಾಂಟಿನಿಂದ ಹೊರಡುವಾಗ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಸುಮಾರು 80ಕ್ಕೆ ಇಳಿಯುವುದರೊಳಗೆ ರೋಲರ್ ಕೆಲಸ ಮುಗಿಯಬೇಕು. ಆಮೇಲೆ ಎಷ್ಟು ಹೊಡೆದರೂ ಅಷ್ಟಕ್ಕಷ್ಟೆ. ಹಾಗಾಗಿ ಲಾರಿ ಬರುವ ಮೊದಲೇ ರೋಲರ್ ಬಂದು ನಿಂತಿರಬೇಕು. ಲಾರಿಗೆ ಟಾರ್ಪಾಲ್ ಹೊದಿಸಿರಬೇಕು.

ಸುರಿದಾಗ ಮಿಶ್ರಣ ಹೊಳೆಯುವ ಕಪ್ಪಗಿರಲಿ. ನೀಲಿ ಹೊಗೆ ಏಳುತ್ತಿದ್ದರೆ ಜಾಸ್ತಿ ಕಾಸಿದ್ದಾರೆ. ಗಡ್ಡೆ ಕಟ್ಟಿ ಮಂಕಾಗಿದ್ದರೆ ತಣ್ಣಗಾಗಿದೆ. ಸಲಿಕೆಗೆ, ಲಾರಿ ತಳಕ್ಕೆ ಅಂಟಬಾರದು ಅಂತ ಡೀಸೆಲ್ ಸುರಿಯುವವರಿದ್ದಾರೆ, ಅಲ್ಲೇ ತಡೆಯಿರಿ. ಡೀಸೆಲ್ ಬಿಟುಮೆನ್ನನ್ನು ಕರಗಿಸುತ್ತದೆ. ಎರಡು ಪದರದ ನಡುವೆ ತೆಳ್ಳಗೆ ಎಮಲ್ಷನ್ (ನೀರಿನಲ್ಲಿ ಬೆರೆಸಿದ ಬಿಟುಮೆನ್) ಸಿಂಪಡಿಸಿದರೆ ಅದು ಕಂದು ಬಣ್ಣದಿಂದ ಕಪ್ಪಿಗೆ ತಿರುಗುವವರೆಗೆ ಕಾಯಬೇಕು. ಅಂಚನ್ನು ನೆಟ್ಟಗೆ ಬಿಡದೆ ಓರೆಯಾಗಿ ಒತ್ತಿಸಿ, ಮರುದಿನ ಪಕ್ಕಕ್ಕೆ ಮಣ್ಣು ಕೊಡಿಸಿ.

ಹಂತ 5: ನೀರು ಬಿಟ್ಟು ನೋಡುವುದು

ಪೂರ್ತಿ ತಣ್ಣಗಾದ ಮೇಲೆ ಮೇಲ್ಗಡೆಯಿಂದ ಪೈಪಿನಲ್ಲಿ ನೀರು ಬಿಡಿ, ಒಂದು ಗಂಟೆ ಬಿಟ್ಟು ಬನ್ನಿ. ನೀರು ನಿಂತ ಕಡೆ ಗುರುತು ಹಾಕಿ, ಸರಿಮಾಡಿಸಿ. ಕೊನೇ ಕಂತು ಅದಾದ ಮೇಲೆ.

ಹಂತ 6: ಮೊದಲ ದಿನಗಳು

ಮೂರು ದಿನ ಕಾರು ಬೇಡ, ಬಿಸಿಲು ಜೋರಿದ್ದರೆ ಒಂದು ವಾರ. ಮೊದಲ ತಿಂಗಳುಗಳಲ್ಲಿ ಕಾರು ನಿಂತಿರುವಾಗ ಸ್ಟೀರಿಂಗ್ ತಿರುಗಿಸಬೇಡಿ, ಮೇಲ್ಮೈ ಕಿತ್ತು ಬರುತ್ತದೆ. ಬೈಕಿನ ಸೈಡ್ ಸ್ಟ್ಯಾಂಡಿನ ಕೆಳಗೆ ಹಲಗೆ ತುಂಡು ಇಡಿ.

ಹಂತ 7: ವರ್ಷ ವರ್ಷದ ಆರೈಕೆ

ಡಾಂಬರು ಹಾಕಿದವರೇ ಮರುವಾರ ಬಂದು “ಸೀಲ್ ಕೋಟ್ ಹೊಡೆದುಬಿಡೋಣ” ಅನ್ನುತ್ತಾರೆ. ಅಂದರೆ ಡಾಂಬರಿನ ಮೇಲೆ ಸೀಲರ್ ಅನ್ನುವ ರಕ್ಷಣೆಯ ಲೇಪವನ್ನು ತೆಳ್ಳಗೆ ಬಳಿಯುವುದು. ಬೇಡ. ಹೊಸ ಡಾಂಬರಿನ ಎಣ್ಣೆ ಅಂಶ ಆರಲು ಆರು ತಿಂಗಳಿಂದ ಒಂದು ವರ್ಷ ಬೇಕು. ನಾನಂತೂ ವರ್ಷ ತುಂಬಲಿ ಅಂತಲೇ ಹೇಳುತ್ತೇನೆ. ಆಮೇಲೂ ಮೂರು ನಾಲ್ಕು ವರ್ಷಕ್ಕೊಮ್ಮೆ ಸಾಕು. ಪ್ರತಿ ವರ್ಷ ಬಳಿದರೆ ಪದರ ದಪ್ಪವಾಗಿ ಸಿಪ್ಪೆ ಏಳುತ್ತದೆ.

ಸೀಲರಿನಲ್ಲಿ ಮೋಸ ಜಾಸ್ತಿ. ನೀರು ಬೆರೆಸಿ ಬಣ್ಣದಂತೆ ಬಳಿಯುವವರು ಒಂದು ಕಡೆ, ಸುಟ್ಟ ಎಂಜಿನ್ ಆಯಿಲ್ ಹಚ್ಚಿ ಹೊಳಪು ತೋರಿಸುವವರು ಇನ್ನೊಂದು ಕಡೆ. ಆಯಿಲ್ ಡಾಂಬರನ್ನೇ ಮೆತ್ತಗೆ ಮಾಡುತ್ತದೆ. ಡಬ್ಬಿ ತೆರೆಯುವುದು ನಿಮ್ಮೆದುರಿಗೇ ಆಗಲಿ. ಕಲ್ಲಿದ್ದಲ ಟಾರಿನಿಂದ ಮಾಡಿದ ಸೀಲರ್ ಬೇಡವೇ ಬೇಡ. ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳು ಅದರಲ್ಲಿ ಹೆಚ್ಚು, ಮಳೆ ನೀರಿನ ಜೊತೆ ಹರಿದು ಹೋಗುತ್ತವೆ. ಅಮೆರಿಕದ ಆಸ್ಟಿನ್ ನಗರ 2006ರಲ್ಲಿ, ವಾಷಿಂಗ್ಟನ್ ರಾಜ್ಯ 2011ರಲ್ಲಿ ಅದನ್ನು ನಿಷೇಧಿಸಿವೆ. ಬಿಟುಮೆನ್ ಎಮಲ್ಷನ್ ಸೀಲರ್ ಕೇಳಿ ತೆಗೆದುಕೊಳ್ಳಿ.

ಬಿರುಕಿನ ವಿಷಯದಲ್ಲಿ ಸೋಮಾರಿತನ ಬೇಡ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತರುವಂತೆ ಆಗುತ್ತದೆ. ಕೂದಲೆಳೆ ಬಿರುಕು ಸೀಲ್ ಕೋಟಿನಲ್ಲೇ ಮುಚ್ಚುತ್ತದೆ. ಕಾಲು ಇಂಚು ದಾಟಿದರೆ ಮಳೆಗಾಲಕ್ಕೆ ಮೊದಲೇ ತುಂಬಿಸಿ. ಒಳಗಿನ ಹುಲ್ಲು, ದೂಳು ತೆಗೆದು, ಗಾಳಿ ಊದಿ, ಪೂರ್ತಿ ಒಣಗಿಸಿ ತುಂಬಬೇಕು. ದೂಳಿನ ಮೇಲೆ ಸುರಿದದ್ದು ದೂಳಿಗೇ ಅಂಟುತ್ತದೆ. ಬಾಟಲಿಯಲ್ಲಿ ಬರುವ ತಣ್ಣನೆಯ ಫಿಲ್ಲರ್ ಸಣ್ಣದಕ್ಕೆ ಸರಿ. ಉದ್ದದ ಬಿರುಕಿಗೆ ಕಾಸಿ ಸುರಿಯುವ ರಬ್ಬರ್ ಬೆರೆತದ್ದನ್ನೇ ಹಾಕಿಸಿ.

ಮೊಸಳೆ ಚರ್ಮದ ಹಾಗೆ ಬಲೆಬಲೆಯಾಗಿ ಒಡೆದಿದ್ದರೆ ಅಲ್ಲಿ ಕೆಳಗಿನ ಹಾಸೇ ಹೋಗಿದೆ. ಅದಕ್ಕೆ ಯಾವ ಸೀಲರೂ ಮದ್ದಲ್ಲ. ಸುತ್ತಲೂ ಚೌಕಾಕಾರವಾಗಿ ಕತ್ತರಿಸಿ, ನೆಂದ ಜಲ್ಲಿ ತೆಗೆದು, ಹೊಸದು ಹಾಸಿ ಬಿಸಿ ಮಿಶ್ರಣ ತುಂಬಿಸಬೇಕು. ಚೀಲದಲ್ಲಿ ಸಿಗುವ ತಣ್ಣನೆಯ ಮಿಶ್ರಣ ಅಂಥ ಗುಂಡಿಗೆ ತಾತ್ಕಾಲಿಕ ಮಾತ್ರ. ಕಾರಿನಿಂದ ಆಯಿಲ್, ಪೆಟ್ರೋಲ್ ತೊಟ್ಟಿಕ್ಕಿದರೆ ಅವತ್ತೇ ಮರಳು ಇಲ್ಲವೇ ಮರದ ಹೊಟ್ಟು ಹಾಕಿ ಹೀರಿಸಿ, ಸೋಪಿನ ಪುಡಿ ಹಾಕಿ ಬ್ರಷ್ಷಿನಲ್ಲಿ ಉಜ್ಜಿ ತೊಳೆಯಿರಿ. ಕಲೆ ಹೋಗದೆ ಉಳಿದರೆ ಮುಂದಿನ ಸೀಲ್ ಕೋಟಿಗೆ ಮೊದಲು ಆ ಜಾಗಕ್ಕೆ ಪ್ರೈಮರ್ ಹಚ್ಚಲು ಹೇಳಿ, ಇಲ್ಲದಿದ್ದರೆ ಸೀಲರ್ ಅಲ್ಲಿ ಹಿಡಿಯುವುದಿಲ್ಲ.